ತಲೆ ಎಣಿಕೆಯಿಂದ ಒಲೆ ಎಣಿಕೆಗೆ: ವೋಲಾಂಗ್‌ನ ಪಾಂಡಾ ನೆಲೆ ಮತ್ತು ಕಂಪ್ಯೂಟರ್ ಮಾದರಿಗಳು

ಕಾಡಿನ ಮೇಲೆ ಬೀಳುವ ಒತ್ತಡವನ್ನು ಬಹುಕಾಲ ತಲೆ ಎಣಿಸಿ ಅಳೆಯುತ್ತಿದ್ದರು. ಆ ಅಳತೆ ಸಾಲದೆಂಬುದು ಸ್ಪಷ್ಟವಾಗಿ ಗೋಚರಿಸಿದ್ದು ಚೀನಾದ ಸಿಚುವಾನ್ ಪ್ರಾಂತ್ಯದ ವೋಲಾಂಗ್‌ನಲ್ಲಿ. ದೈತ್ಯ ಪಾಂಡಾಗಳಿಗಾಗಿ 1963ರಲ್ಲಿ ಸ್ಥಾಪಿತವಾದ ಈ ರಕ್ಷಿತಾರಣ್ಯ 1975ರಲ್ಲಿ ಸುಮಾರು 2,000 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಅದರೊಳಗೇ ಹಾನ್, ಟಿಬೆಟನ್, ಚಿಯಾಂಗ್ ರೈತ ಕುಟುಂಬಗಳು ಬಾಳುತ್ತಿದ್ದವು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜಿಯಾನ್‌ಗುವೊ ಲಿಯು ಮತ್ತು ಸಂಗಡಿಗರು 1965, 1974 ಹಾಗೂ 1997ರ ಉಪಗ್ರಹ ಚಿತ್ರಗಳನ್ನು ಹೋಲಿಸಿ 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ಸಂಗತಿ ಕಳವಳಕಾರಿಯಾಗಿತ್ತು: 1975ರಲ್ಲಿ ರಕ್ಷಣೆ ವಿಸ್ತರಿಸಿದ ಮೇಲೆ ಪಾಂಡಾ ನೆಲೆ ಮೊದಲಿಗಿಂತ ಬೇಗ ನಶಿಸಿತ್ತು.

ನಾಶಕ್ಕೆ ಮುಖ್ಯ ಕಾರಣ ಸೌದೆ. ಅಡುಗೆಗೆ, ಚಳಿ ಕಾಯಿಸಿಕೊಳ್ಳಲು, ಹಂದಿಗಳ ಆಹಾರ ಬೇಯಿಸಲು ಮರ ಬೇಕಿತ್ತು. ಮರ ಹೋದರೆ ಅದರ ನೆರಳಿನ ಬಿದಿರೂ ಸೊರಗುತ್ತದೆ, ಪಾಂಡಾಕ್ಕೆ ಬಿದಿರೇ ಊಟ. ಇಪ್ಪತ್ತನೇ ಶತಮಾನದ ಕೊನೆಯ ಕಾಲು ಭಾಗದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ಶೇ 70ರಷ್ಟು ಏರಿದರೆ ಮನೆಗಳ ಸಂಖ್ಯೆ ಇಮ್ಮಡಿಯನ್ನೂ ಮೀರಿತು. ಕೂಡು ಕುಟುಂಬ ಒಡೆದರೆ ಉಣ್ಣುವ ಬಾಯಿಗಳು ಅಷ್ಟೇ ಇರುತ್ತವೆ, ಉರಿಯುವ ಒಲೆ ಎರಡಾಗುತ್ತದೆ. ಲಿಯು ತಂಡದ ಲಿ ಆನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಏಜೆಂಟ್ ಆಧಾರಿತ ಕಂಪ್ಯೂಟರ್ ಮಾದರಿ ಈ ಸೂಕ್ಷ್ಮವನ್ನೇ ಆಧಾರವಾಗಿಟ್ಟುಕೊಂಡಿತು. ಅದರಲ್ಲಿ ಒಬ್ಬೊಬ್ಬ ವ್ಯಕ್ತಿಗೂ ವಯಸ್ಸಾಗುತ್ತದೆ, ಮದುವೆಯಾಗುತ್ತದೆ, ಬೇರೆ ಮನೆ ಹೂಡುವ ಅಥವಾ ಊರು ಬಿಡುವ ಆಯ್ಕೆಯಿರುತ್ತದೆ. ಪ್ರತಿ ಮನೆಯೂ ಸೌದೆಯೋ ವಿದ್ಯುತ್ತೋ ಎಂದು ತೀರ್ಮಾನಿಸುತ್ತದೆ. ವಿದ್ಯುತ್ತಿನ ದರ, ವೋಲ್ಟೇಜು, ಕಡಿತ ಈ ಮೂರೂ ಕಾಡಿನ ಗತಿಯನ್ನು ಬದಲಿಸಬಲ್ಲವು ಎಂಬುದು ಲೆಕ್ಕಕ್ಕೆ ಬಂತು. ಒಲ್ಲದ ಹಿರಿಯರನ್ನು ಒಕ್ಕಲೆಬ್ಬಿಸುವುದಕ್ಕಿಂತ ಕಿರಿಯರು ಓದಿ ಹೊರಗೆ ನೆಲೆಸಲು ನೆರವಾಗುವುದು ಫಲಕಾರಿ ಎಂಬ ಸೂಚನೆಯೂ ಈ ತಂಡದ ಮಾದರಿಗಳಿಂದಲೇ ಹೊರಟದ್ದು. ನನ್ನ ದೃಷ್ಟಿಯಲ್ಲಿ ಇದು ಅವುಗಳ ಅತ್ಯಂತ ಮಾನವೀಯ ಫಲ.

ಜೀವಂತ ಜನರನ್ನು ಸಂಖ್ಯೆಗಳಾಗಿ ಇಳಿಸುವ ಈ ಕ್ರಮ ಅವರ ಬದುಕನ್ನು ಬಡವಾಗಿಸುತ್ತದೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಜನಸಂಖ್ಯೆ’ ಎಂಬ ಒಂದೇ ಅಂಕಿ ಜನರ ಬದುಕನ್ನು ಇನ್ನೂ ಹೆಚ್ಚು ಮರೆಮಾಡುತ್ತಿತ್ತು. ಮದುವೆ, ಮುಪ್ಪು, ಓದಿನ ಆಸೆಗಳಿಗೆ ಲೆಕ್ಕದಲ್ಲಿ ಜಾಗ ಕೊಟ್ಟದ್ದು ಮಾದರಿಯೇ. ಕಣ್ಣಿಗೆ ಬೀಳದ ಕಾರಣವನ್ನು ಮುಂದೆ ತರುವ ಈ ಗುಣ ನಮ್ಮವರ ಕೆಲಸದಲ್ಲೂ ಉಂಟು: ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಬ್ರ್ಯಾಡ್ಲಿ ಸ್ಟಿತ್ 1999ರಲ್ಲಿ ಮಾದರಿಯೊಂದರ ನೆರವಿನಿಂದ, ಹುಲಿಯ ಅಳಿವಿಗೆ ಬಲಿಪ್ರಾಣಿಗಳ ಕೊರತೆ ನಿರ್ಣಾಯಕವೆಂದು ವಾದಿಸಿದ್ದರು. ಇನ್ನೊಂದು ಆಕ್ಷೇಪ, 2008ರ ಮೇ 12ರ ಸಿಚುವಾನ್ ಭೂಕಂಪದಂಥ ಆಘಾತವನ್ನು ಯಾವ ಮಾದರಿಯೂ ಹೇಳಲಿಲ್ಲವೆಂಬುದು. ನಿಜ. ಹೀಗೆ ಮಾಡಿದರೆ ಏನಾದೀತು ಎಂದು ಕೇಳಲು ಕಟ್ಟಿದ ಸಾಧನದಿಂದ ಕಣಿ ನಿರೀಕ್ಷಿಸುವುದು ತಪ್ಪು.

ಆ ಪ್ರಶ್ನೆಯನ್ನು ಕೇಳದಿದ್ದರೆ ಆಗುವುದೇನು ಎಂಬುದಕ್ಕೂ ವೋಲಾಂಗ್‌ನಲ್ಲೇ ಸಾಕ್ಷಿಯಿದೆ. ಕಾಡು ಕಾಯುವ ಕೆಲಸಕ್ಕೆ ಸರ್ಕಾರ ಮನೆಗಿಷ್ಟು ಎಂದು ಹಣ ಕೊಡತೊಡಗಿದಾಗ, ಹೆಚ್ಚು ಪಾಲು ಪಡೆಯಲು ಹಲವು ಕುಟುಂಬಗಳು ಒಡೆದು ಹೊಸ ಮನೆಗಳಾದವು. ಕಾಡು ಚೇತರಿಸಿಕೊಂಡಿತಾದರೂ, ಸೌದೆ ಉರಿಸುವ ಒಲೆಗಳು ಹೆಚ್ಚಲು ಆ ನೆರವೇ ದಾರಿಯಾಯಿತು. ಅರಣ್ಯದಂಚಿನ ಜನರಿಗೆ ಪರಿಹಾರ ಯೋಜಿಸುವವರು ಹಣ ಹಂಚುವ ಮುನ್ನ, ಆ ಹಣ ಎಷ್ಟು ಒಲೆಗಳನ್ನು ಹೊತ್ತಿಸೀತು ಎಂದು ಲೆಕ್ಕ ಹಾಕಬೇಕು.