ನೆಲವನ್ನು ಅಗೆಯದೆ ಅರಿತ ಬಗೆ

ಬಾವಿ ತೋಡಿಸುವ ಮುನ್ನ ನಮ್ಮ ಹಿರಿಯರು ಮಣ್ಣಿನ ಬಣ್ಣವನ್ನೂ ಗಿಡಮರಗಳನ್ನೂ ನೋಡಿ ನೆಲದೊಳಗಿರುವುದನ್ನು ಊಹಿಸುತ್ತಿದ್ದರು. ಅಗೆಯದೆಯೇ ಭೂಮಿಯ ಒಡಲನ್ನು ಅಳೆದು ತಿಳಿಯುವ ವಿದ್ಯೆಯಾದರೋ ಈಚಿನದು. ಅದರ ಚರಿತ್ರೆಯಲ್ಲಿ ಒಂದು ವಿಚಿತ್ರವುಂಟು. ಇಂದು ಆ ವಿದ್ಯೆಗೆ ಕಣ್ಣಾಗಿರುವ ಎರಡು ಬಗೆಯ ಅಲೆಗಳನ್ನೂ ಜನರು ಮೊದಲು ಕಾಟವೆಂದೇ ಎಣಿಸಿದ್ದರು.

1885ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ, ಗಟ್ಟಿ ವಸ್ತುವಿನ ಮೇಲ್ಮೈಯನ್ನೇ ಹಿಡಿದು ಹರಿಯುವ ಅಲೆಯೊಂದುಂಟೆಂದು ಗಣಿತದಿಂದ ತೋರಿಸಿ, ಭೂಕಂಪಗಳಲ್ಲಿ ಅದಕ್ಕೆ ಪ್ರಮುಖ ಪಾತ್ರವಿದ್ದೀತೆಂದು ಸೂಚಿಸಿದನು. ಇದಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸಿದ್ದು ನಮ್ಮ ದೇಶದ ನೆಲವೇ. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಮಹಾಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್, ದೂರದ ಯೂರೋಪಿನ ಯಂತ್ರಗಳು ಬರೆದಿಟ್ಟಿದ್ದ ಗೆರೆಗಳನ್ನು ಪರಿಶೀಲಿಸಿ, ಒಂದರ ಹಿಂದೊಂದು ಬಂದ ಮೂರು ಬಗೆಯ ಅಲೆಗಳನ್ನು ಬೇರ್ಪಡಿಸಿದನು. ಮೊದಲೆರಡು ಭೂಮಿಯ ಒಳಗನ್ನು ಹಾದು ಬಂದವು. ಕೊನೆಯದು ಮೇಲ್ಮೈಯ ಅಲೆ.

ಈ ಅಲೆಯ ಗುಣವೊಂದನ್ನು ವಾಚಕರು ಗಮನಿಸಬೇಕು. ಉದ್ದನೆಯ ಅಲೆ ಆಳವನ್ನು ಮುಟ್ಟುತ್ತದೆ. ಗಿಡ್ಡನೆಯದು ಮೇಲ್ಪದರದಲ್ಲಿಯೇ ಉಳಿಯುತ್ತದೆ. ಕೆಳಗೆ ಬಂಡೆಯಿದ್ದರೆ ಉದ್ದನೆಯ ಅಲೆ ವೇಗವಾಗಿ ಓಡುತ್ತದೆ, ಮೆದುಮಣ್ಣಿದ್ದರೆ ನಿಧಾನವಾಗುತ್ತದೆ. ಆದುದರಿಂದ ಬೇರೆಬೇರೆ ಉದ್ದದ ಅಲೆಗಳ ವೇಗವನ್ನು ಅಳೆದರೆ ಪದರಪದರದ ಗಟ್ಟಿತನವನ್ನು ಲೆಕ್ಕಹಾಕಬಹುದು. ಆದರೆ ತೈಲವನ್ನರಸುವವರು ಬಹುಕಾಲ ಈ ಅಲೆಯನ್ನು ಬರಿಯ ಗದ್ದಲವೆಂದು ಸೋಸಿ ಎಸೆಯುತ್ತಿದ್ದರು. 1980ರ ದಶಕದಲ್ಲಿ ಟೆಕ್ಸಾಸಿನ ಎಂಜಿನಿಯರುಗಳೂ 1999ರಲ್ಲಿ ಕ್ಯಾನ್ಸಾಸಿನ ಭೂವಿಜ್ಞಾನಿಗಳೂ ಎಸೆದುದನ್ನೇ ಎತ್ತಿಕೊಂಡು, ಕೆಲಸಕ್ಕೆ ಬರುವ ವಿಧಾನಗಳನ್ನು ರೂಪಿಸಿದರು.

ರಾಡಾರಿನ ಕಥೆಯೂ ಹೆಚ್ಚು ಬೇರೆಯಲ್ಲ. 1929ರಷ್ಟು ಹಿಂದೆಯೇ ಆಸ್ಟ್ರಿಯದ ಹಿಮನದಿಯೊಂದರ ದಪ್ಪವನ್ನು ರೇಡಿಯೋ ಅಲೆಗಳಿಂದ ಅಳೆದಿದ್ದರೂ ಆ ಕೆಲಸ ಮರೆವಿಗೆ ಸಂದಿತು. ಮುಂದೆ ವಿಮಾನಗಳ ಎತ್ತರಮಾಪಕಗಳು ಗ್ರೀನ್‌ಲೆಂಡಿನ ಹಿಮದ ಮೇಲೆ ತಪ್ಪು ಲೆಕ್ಕ ತೋರಿಸತೊಡಗಿದಾಗ, ಅಲೆಗಳು ಹಿಮವನ್ನು ಹೊಕ್ಕು ಅಡಿಯಿಂದ ಮರಳುತ್ತಿವೆಯೆಂಬುದು ತಿಳಿಯಿತು. ಈ ತಪ್ಪು ಲೆಕ್ಕವೇ ಕಾಲಕ್ರಮದಲ್ಲಿ ಉಪಕರಣವಾಯಿತು. ಇಟಲಿಯ ಫಲೇರಿಯೈ ನೋವಿ ಎಂಬ ಪಾಳುಬಿದ್ದ ರೋಮನ್ ಪಟ್ಟಣದ 30.5 ಹೆಕ್ಟೇರ್ ನೆಲದಡಿಯ ದೇವಾಲಯ, ಪೇಟೆ, ಸ್ನಾನಗೃಹಗಳು, ನೀರಿನ ಕೊಳವೆಗಳು ಕೂಡ, ಗುದ್ದಲಿ ತಾಕದೆಯೇ ನಕ್ಷೆಗೆ ಬಂದ ವಿವರ 2020ರಲ್ಲಿ ಪ್ರಕಟವಾಯಿತು.

ಆದರೆ ಒದ್ದೆ ಜೇಡಿಮಣ್ಣು ರಾಡಾರಿನ ಅಲೆಯನ್ನು ನುಂಗಿಬಿಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಎರೆಭೂಮಿ ಮಳೆಗಾಲದಲ್ಲಿ ಅಂಥದೇ. ಇಲ್ಲಿ ಮೇಲ್ಮೈ ಅಲೆಯನ್ನೇ ನೆಚ್ಚುವುದು ಲೇಸು. ಇದನ್ನು ನಾವು ಬರಿಯ ಕುತೂಹಲದಿಂದ ಹೇಳುತ್ತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿ, ಕಲ್ಲುಮಣ್ಣಿನ ದಪ್ಪ ಗೋಡೆಗಳ ಕೆಳಗೆ ಸಾವಿರಾರು ಜನ ಮಡಿದರು. ದಖ್ಖನಿನ ನೆಲ ಅಲುಗದೆಂದು ಅಲ್ಲಿಯವರೆಗೆ ಬಹುಜನ ನಂಬಿದ್ದರು. ಕಂಪ ಯಾವಾಗ ಬರುವುದೆಂದು ಯಾವ ಯಂತ್ರವೂ ಹೇಳಲಾರದು. ಎಲ್ಲಿಯ ಮಣ್ಣು ಹೆಚ್ಚು ಅಲುಗೀತೆಂಬುದನ್ನು ಮಾತ್ರ ಮೊದಲೇ ಅಳೆಯಬಹುದು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಬೆಂಗಳೂರಿನ ಹಲವೆಡೆ ಹೀಗೆ ಅಳೆದರು. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳ ಮೇಲೆಯೇ ಬೆಳೆದ ನಗರಕ್ಕೆ ಅದು ಬೇಕಾಗಿಯೂ ಇತ್ತು.

ನಮ್ಮ ಊರುಗಳಲ್ಲಿ ಹೊಸ ಶಾಲೆ, ಆಸ್ಪತ್ರೆಗಳಿಗೆ ಅಡಿಪಾಯ ತೋಡುವ ಮುನ್ನವೂ ಇದು ನಡೆಯಬೇಕೆಂಬುದು ನಮ್ಮ ಅಭಿಮತ. ಇದಕ್ಕೆ ಬೇಕಾದುದು ಭಾರವಾದ ಒಂದು ಸುತ್ತಿಗೆ, ಪೆಟ್ಟು ತಾಳುವ ಒಂದು ಲೋಹದ ಹಲಗೆ, ನೆಲಕ್ಕೆ ಸಾಲಾಗಿ ಚುಚ್ಚಿದ ಒಂದೆರಡು ಡಜನ್ ಕಂಪನಗ್ರಾಹಕಗಳು, ಅವು ಕೇಳಿದುದನ್ನು ಬರೆದುಕೊಳ್ಳುವ ಒಂದು ಯಂತ್ರ.