ವಿಜಾಪುರ ರಸ್ತೆಯ ಮನೆಯೊಂದರ ತಾಮ್ರಶಾಸನಗಳು

ಇತಿಹಾಸವೆಂದೊಡನೆ ವಾಚಕರ ಕಣ್ಣೆದುರು ಸೊಲ್ಲಾಪುರದ ಕೋಟೆಯೋ ವಿಜಾಪುರದ ಗೋಳಗುಮ್ಮಟವೋ ನಿಲ್ಲುವುದು ಸಹಜ. ನಾವು ಇಲ್ಲಿ ಹೇಳಹೊರಟಿರುವುದು ಅಂಥ ದೊಡ್ಡ ಸ್ಥಳದ ಮಾತಲ್ಲ. ವಿಜಾಪುರ ರಸ್ತೆಯಲ್ಲಿ, ಕಂಬರ ತಲಾವಿನಿಂದ ತುಸು ಮುಂದೆ, ನಮಗೆ ಬೇಕಾದವರ ಮನೆಯೊಂದು ಕಳೆದ ಬೇಸಿಗೆಯಲ್ಲಿ ಬರಿದಾಯಿತು. ಮಗನೂ ಸೊಸೆಯೂ ಮಕ್ಕಳೊಡನೆ ಕೆನಡಾ ದೇಶಕ್ಕೆ ಹೊರಟಿದ್ದರು, ವೃದ್ಧ ತಾಯಿಯನ್ನೂ ಕರೆದೊಯ್ಯುವವರಿದ್ದರು, ಮನೆ ಮಾರಾಟವಾಗಿತ್ತು. ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕಿಲೋ. ವಿಮಾನದ ಈ ಲೆಕ್ಕದೊಳಗೆ ನಾಲ್ಕು ತಲೆಮಾರಿನ ಸಂಸಾರ ಅಡಗಬೇಕಾಗಿತ್ತು. ಹಳೆಯ ಕನ್ನಡ ಕಾಗದಗಳನ್ನು ಓದಿ, ಇಡತಕ್ಕದ್ದನ್ನೂ ಬಿಡತಕ್ಕದ್ದನ್ನೂ ಬೇರ್ಪಡಿಸಿಕೊಡಬೇಕೆಂದು ನಮ್ಮನ್ನು ಕರೆಸಿದ್ದರು. ಆ ಮನೆಯಲ್ಲಿ ಎಲ್ಲರೂ ಕನ್ನಡ ಆಡುವವರೇ. ಓದಬಲ್ಲವರು ತಾಯಿಯೊಬ್ಬರೇ; ಅವರಿಗೆ ಕಣ್ಣು ಮಂದವಾಗಿತ್ತು.

ಕಾಗದಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿತ್ತು. ಆದರೆ ಅಟ್ಟದಿಂದ ಇಳಿಸಿದ ಪಾತ್ರೆಗಳು ಅಂಗಳದಲ್ಲಿ ಸಾಲಾಗಿ ಕುಳಿತಾಗ ನಮ್ಮ ಕೆಲಸ ಅಲ್ಲಿದೆಯೆಂದು ತಿಳಿಯಿತು. ಹಳೆಯ ಪಾತ್ರೆಯ ವ್ಯಾಪಾರಿಯು ತಕ್ಕಡಿಯೊಡನೆ ಆಗಲೇ ಬಂದು ಕಾಯುತ್ತಿದ್ದನು. ನಮ್ಮ ಕಡೆಯಲ್ಲಿ ಮದುವೆಗೆ, ತೊಟ್ಟಿಲಿಗೆ, ಗೃಹಪ್ರವೇಶಕ್ಕೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಸುವ ವಾಡಿಕೆಯುಂಟಷ್ಟೆ. ಹುಣಿಸೆಹಣ್ಣು ಹಚ್ಚಿ ತಿಕ್ಕಿದಾಗ ಅಕ್ಷರಗಳು ಒಂದೊಂದಾಗಿ ಎದ್ದುವು. ರಾಜರ ತಾಮ್ರಪಟಗಳನ್ನು ಓದುವ ಪಂಡಿತರಿಗೆ ಆಗುವ ಸಂತೋಷ ಅಂದು ನಮಗೂ ಆಯಿತೆಂದರೆ ವಾಚಕರು ನಗಬಾರದು.

ಎಲ್ಲಕ್ಕೂ ಹಳೆಯದು ಸ್ನಾನದ ನೀರಿನ ಹಂಡೆ. ಅದರ ಕಂಠದ ಮೇಲೆ ಕನ್ನಡದಲ್ಲಿ ಒಂದು ಹೆಸರು, ಇಂಡಿ ತಾಲೂಕಿನ ಒಂದು ಹಳ್ಳಿಯ ಹೆಸರು. ಈ ಮನೆತನ ಆ ಹಳ್ಳಿಯಿಂದ ಬಂದದ್ದು. 1877ರಲ್ಲಿ ಸೊಲ್ಲಾಪುರದಲ್ಲಿ ನೂಲುವ ನೇಯುವ ಗಿರಣಿ ಹುಟ್ಟಿತು. ಜನ ಮುಂದೆ ಅದನ್ನು ಜುನಿ ಗಿರಣಿಯೆಂದು ಕರೆದರು. 1884ರ ಸುಮಾರಿಗೆ ಗದಗಿನಿಂದ ವಿಜಾಪುರದ ಮಾರ್ಗವಾಗಿ ಹೊಟಗಿಗೆ ರೈಲು ಬಂದಿತು. ಮಳೆ ಕೈಕೊಟ್ಟ ವರ್ಷ ಭೀಮೆಯ ಆಚೆಯ ಒಕ್ಕಲು ಮಕ್ಕಳು ಆ ರೈಲು ಹತ್ತಿ ಗಿರಣಿಯ ಭೋಂಗಾದ ಊರಿಗೆ ಬಂದರು. ಹಂಡೆಯೂ ಹಾಗೆಯೇ ಬಂದಿತೆಂದು ತಾಯಿಯವರು ಹೇಳಿದರು. ಆ ಭೋಂಗಾ ನಿಂತು ದಶಕಗಳಾದುವು. ಹಂಡೆಗೆ ಒಂದು ತೂತೂ ಬಿದ್ದಿಲ್ಲ.

ಎರಡನೆಯದು ಹಿತ್ತಾಳೆಯ ಕೊಡ. ಅದರ ಮೇಲೆ ಹೆಸರು ಕನ್ನಡದಲ್ಲಿಯೂ ಬಾಳಬೋಧ ಲಿಪಿಯಲ್ಲಿಯೂ ಇತ್ತು. ಕೆಳಗೆ 1931 ಎಂದು ಇಸವಿ. ಸೊಲ್ಲಾಪುರದವರಿಗೆ ಆ ಇಸವಿಯನ್ನು ವಿವರಿಸಬೇಕಾಗಿಲ್ಲವಾದರೂ ಹೊರಗಿನ ವಾಚಕರಿಗಾಗಿ ಹೇಳುತ್ತೇವೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ತರುವಾಯ ಈ ಊರು ಸಿಡಿದೆದ್ದಿತು. ಸರಕಾರ ಲಷ್ಕರಿ ಕಾಯದೆ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಈ ನಾಲ್ವರನ್ನು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆ ವರ್ಷದ ಮದುವೆಯಲ್ಲಿ ವಾಜಂತ್ರಿ ಊದಿಸಲಿಲ್ಲವೆಂಬ ಮಾತು ಈ ಮನೆಯಲ್ಲಿ ಕೊಡದೊಡನೆಯೇ ಉಳಿದುಬಂದಿದೆ.

ಅಕ್ಕಲಕೋಟೆಯಿಂದ ಬಂದ ಸೊಸೆಯೊಬ್ಬಳ ಸಮೆಯ ಮೇಲೆ ‘ಸಂಸ್ಥಾನ ಅಕ್ಕಲಕೋಟ’ ಎಂದಿದೆ, ಬಾಳಬೋಧದಲ್ಲಿ. ಭೋಸಲೆ ಅರಸರ ಆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿಂದ ಮುಂದೆ ಸ್ಟೀಲಿನ ಯುಗ. 1956ರ ನವೆಂಬರ್ 1ರಂದು ವಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದುವು. ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ 65 ಹಳ್ಳಿಗಳನ್ನೂ ಮೈಸೂರಿಗೆ ಕೊಡತಕ್ಕದ್ದೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲಿಯೇ ಉಳಿಯಿತು. ಆ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ಸ್ಟೀಲಿನ ತಾಟುಗಳ ಮೇಲೆ ಒಂದೂ ಕನ್ನಡ ಅಕ್ಷರವಿರಲಿಲ್ಲ. ಕೊನೆಯ ಲೋಟಗಳ ಮೇಲೆ ಮೊಮ್ಮಕ್ಕಳ ಹೆಸರು ಇಂಗ್ಲಿಷಿನಲ್ಲಿತ್ತು. ಇಷ್ಟನ್ನೇ ನಾವು ಹೇಳುವುದು.

ಇಲ್ಲಿ ಒಂದು ಆಕ್ಷೇಪವನ್ನು ನಾವೇ ತಂದುಕೊಂಡೆವು. ಹೆಸರು ಹೊಡೆಯುವವನು ತನಗೆ ಬರುವ ಲಿಪಿಯಲ್ಲಿ ಹೊಡೆಯುತ್ತಾನೆ. ಅದು ಅಂಗಡಿಯವನ ಲಿಪಿಯೇ ಹೊರತು ಮನೆಯವರ ಲಿಪಿಯೆಂದು ಹೇಗೆ ಹೇಳುವುದು? ತಾಯಿಯವರನ್ನು ಕೇಳಿದೆವು. ತಮ್ಮ ಮದುವೆಯ ತಂಬಿಗೆಗೆ ತಂದೆಯವರು ಚೀಟಿಯಲ್ಲಿ ಕನ್ನಡದಲ್ಲಿ ಬರೆದೊಯ್ದು, ಹೊಡೆಯುವವನ ಎದುರಿಗೆ ಕುಳಿತು, ತಪ್ಪಾದ ಒತ್ತಕ್ಷರವನ್ನು ಅಳಿಸಿ ಮತ್ತೆ ಹೊಡೆಸಿದರಂತೆ. ತಂಬಿಗೆಯನ್ನು ತಿರುಗಿಸಿ ನೋಡಿದೆವು. ಅಳಿಸಿದ ಗುರುತು ಈಗಲೂ ಇದೆ. ಮಗನ ಮದುವೆಗೆ ತಾವೇಕೆ ಹಾಗೆ ಮಾಡಲಿಲ್ಲವೆಂದು ನಾವು ಕೇಳಲಿಲ್ಲ. ಅವರೇ, ‘ಓದೋರು ಯಾರಿದ್ರು?’ ಎಂದರು.

ಹಿರಿಯ ಮೊಮ್ಮಗನಿಗೆ ಹನ್ನೊಂದು ವರ್ಷ. ಈ ಊರಿನಿಂದ ಪರದೇಶಕ್ಕೆ ಮೊದಲು ಯಾರು ಹೋಗಿದ್ದರೆಂದು ಅವನು ಕೇಳಿದನು. ಮೊದಲಿಗರನ್ನು ನಾವು ಅರಿಯೆವು. ಆದರೂ ಡಾಕ್ಟರ್ ದ್ವಾರಕಾನಾಥ ಕೋಟಣೀಸರ ಕಥೆ ಹೇಳಿದೆವು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರು ಜಪಾನಿನೊಡನೆ ಕಾದುತ್ತಿದ್ದ ಚೀನಕ್ಕೆ 1938ರಲ್ಲಿ ಹೊರಟ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ನಾಲ್ವರು ತಿರುಗಿ ಬಂದರು. ತಂದೆ ತೀರಿಕೊಂಡ ಸುದ್ದಿ ಮುಟ್ಟಿದರೂ ಇವರು ಗಾಯಾಳುಗಳನ್ನು ಬಿಟ್ಟು ಬರಲಿಲ್ಲ. ಅಲ್ಲಿಯೇ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ನಿ ಮುಂದೆ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. ಭೈಯ್ಯಾ ಚೌಕದ ಆ ಮನೆ ಈಗ ಸ್ಮಾರಕ. ಹುಡುಗನು ಎಲ್ಲವನ್ನೂ ಕೇಳಿ, ‘ಅವರ ಮನೆ ಮಾರಿರಲಿಲ್ಲವೇನು?’ ಎಂದನು. ಅವನ ತಂದೆ ಪೆಟ್ಟಿಗೆಯ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ಅದು ನಮಗೆ ತಿಳಿಯದೆಂದೆವು.

ಸಂಜೆಗೆ ತೂಕ ನಡೆಯಿತು. ಕೊಡ, ತಾಟು, ಪರಾತಗಳು ವ್ಯಾಪಾರಿಯ ಗಾಡಿ ಸೇರಿದುವು. ಅದಕ್ಕೆ ಮುನ್ನ ಒಂದೊಂದರ ಬರಹವನ್ನೂ ನಾವು ವಹಿಯಲ್ಲಿ ಇಳಿಸಿಕೊಂಡೆವು. ಸಮೆಯನ್ನು ಅಕ್ಕಲಕೋಟೆಯ ಬೀಗರು ಒಯ್ದರು. ತಂಬಿಗೆಯನ್ನು ಸೊಲ್ಲಾಪುರದ ಚಾದರಿನಲ್ಲಿ ಸುತ್ತಿ ತಾಯಿಯವರ ಪೆಟ್ಟಿಗೆಯಲ್ಲಿಟ್ಟರು. ಹುಡುಗನು ಒಂದು ಚೀಟಿ ತಂದು, ಅದರ ಮೇಲಿನ ಹೆಸರನ್ನು ತನಗೆ ಓದಲು ಬರುವಂತೆ ಬರೆದುಕೊಡಿರೆಂದನು. ಬಾಳಬೋಧದಲ್ಲಿ ಬರೆದೆವು; ಅದರ ಕೆಳಗೆ, ಅವನು ಕೇಳದಿದ್ದರೂ, ಕನ್ನಡದಲ್ಲಿಯೂ ಬರೆದೆವು. ಅವನು ಎರಡನ್ನೂ ಹೋಲಿಸಿ ನೋಡಿ, ಕನ್ನಡದ ಮೊದಲ ಅಕ್ಷರವನ್ನು ಬೆರಳಿನಿಂದ ಅಂಗೈಯ ಮೇಲೆ ತಿದ್ದಿದನು.

ಹಂಡೆ ಮಾತ್ರ ಯಾವ ಪೆಟ್ಟಿಗೆಗೂ ಹಿಡಿಯುವಂಥದಲ್ಲ. ವ್ಯಾಪಾರಿಗೆ ಕೊಡಲು ತಾಯಿಯವರ ಮನಸ್ಸು ಒಡಂಬಡಲಿಲ್ಲ. ಸದ್ಯ ಅದು ನಮ್ಮ ಬಚ್ಚಲಲ್ಲಿದೆ. ನಿತ್ಯವೂ ನೀರು ಕಾಯುತ್ತದೆ.