ಶರಣಾಗತಿಯ ತಲೆಬರಹ

ಸೋಲನ್ನು ಸೂಚಿಸುವ ಮಾತುಗಳಿಗೆ ಯಾವ ಭಾಷೆಯಲ್ಲಿಯೂ ಬಡತನವಿಲ್ಲ. ಮಣಿಯುವುದು, ಬಾಗುವುದು, ಸೋಲೊಪ್ಪುವುದು, ಶರಣಾಗುವುದು ಎಂದು ನಮ್ಮಲ್ಲಿ ಹಲವಿವೆ. ಇಂಗ್ಲಿಷಿನಲ್ಲಿಯೂ ಹಾಗೆಯೇ. ‘ಯೀಲ್ಡ್’ ಎಂಬುದಕ್ಕೆ ಹಿಂದೆ ತೆರುವುದು, ಸಲ್ಲಿಸುವುದು ಎಂಬ ಅರ್ಥವಿತ್ತು. ‘ಸರೆಂಡರ್’ ಫ್ರೆಂಚಿನಿಂದ ಬಂದದ್ದು. ವಶಕ್ಕೆ ಒಪ್ಪಿಸುವುದೆಂದು ಅದರ ತಾತ್ಪರ್ಯ. ‘ಸಕ್ಕಂಬ್’ ಎಂದರೆ ಭಾರದಡಿಯಲ್ಲಿ ಕುಸಿದು ಮಲಗುವುದು. ಈ ಗುಂಪಿನಲ್ಲಿ ‘ಕ್ಯಾಪಿಚುಲೇಟ್’ ಎಂಬ ಕ್ರಿಯಾಪದದ ಚರಿತ್ರೆ ಮಾತ್ರ ಬೇರೆ. ಅದು ಹುಟ್ಟಿದಾಗ ಸೋಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಲ್ಯಾಟಿನ್ನಿನಲ್ಲಿ ‘ಕಾಪುಟ್’ ಎಂದರೆ ತಲೆ. ‘ಕಾಪಿಟುಲುಮ್’ ಎಂದರೆ ಚಿಕ್ಕ ತಲೆ. ಬರಹದ ಒಂದೊಂದು ಭಾಗದ ನೆತ್ತಿಯ ಮೇಲೆ ಬರುವುದಾದ್ದರಿಂದ ಅದಕ್ಕೆ ಅಧ್ಯಾಯವೆಂಬ ಅರ್ಥವೂ ಬಂದಿತು. ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಾವೂ ‘ತಲೆಬರಹ’ ಎನ್ನುತ್ತೇವಷ್ಟೆ. ಒಪ್ಪಂದದ ಅಂಶಗಳನ್ನು ಒಂದೊಂದಾಗಿ ತಲೆಬರಹಗಳ ಕೆಳಗೆ ಬರೆದಿಡುವುದೇ ಈ ಕ್ರಿಯಾಪದದ ಮೂಲಾರ್ಥ. ಫ್ರಾಂಕರ ಸಾಮ್ರಾಟ ಷಾರ್ಲಮೇನನ ಶಾಸನಗಳಿಗೆ ‘ಕ್ಯಾಪಿಚುಲರಿ’ ಎಂಬ ಹೆಸರು ಬಂದದ್ದೂ ಅವು ಅಧ್ಯಾಯಗಳಾಗಿ ವಿಂಗಡಿಸಲ್ಪಟ್ಟಿದ್ದುದರಿಂದಲೇ. ಕ್ಯಾಪಿಚುಲೇಟ್ ಎಂದೊಡನೆ ನಮಗೆ ತಲೆಬಾಗಿಸುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪದದೊಳಗೆ ತಲೆಯೇನೋ ಇದೆ. ಆದರೆ ಅದು ಕಾಗದದ ತಲೆ, ಮನುಷ್ಯನದಲ್ಲ.

ಹದಿನಾರನೆಯ ಶತಮಾನದಲ್ಲಿ ಈ ಮಾತು ಇಂಗ್ಲಿಷಿಗೆ ಬಂದಾಗ ಕರಾರು ಮಾತನಾಡುವುದೆಂಬ ಅರ್ಥವನ್ನೇ ಹೊತ್ತು ಬಂದಿತು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ದೊರೆಯು ತನ್ನ ವಿರುದ್ಧ ಎದ್ದಿರುವ ಸರದಾರರನ್ನು ಕುರಿತು ಈ ಕ್ರಿಯಾಪದವನ್ನು ಬಳಸುತ್ತಾನೆ. ಆ ಸರದಾರರು ಶರಣಾಗುತ್ತಿರಲಿಲ್ಲ. ದೊರೆಯ ಮೇಲೆ ಒಳಒಪ್ಪಂದ ಮಾಡಿಕೊಳ್ಳುತ್ತಿದ್ದರು! ಇಂದಿನ ಅರ್ಥವನ್ನು ಹಚ್ಚಿದರೆ ಆ ಮಾತು ತಲೆಕೆಳಗಾಗುತ್ತದೆ. ಹೇಳಿದ ಅಂಶಗಳನ್ನು ಮತ್ತೊಮ್ಮೆ ಹೇಳುವುದಕ್ಕೆ ‘ರೀಕ್ಯಾಪಿಚುಲೇಟ್’ ಎನ್ನುವೆವು. ಹಳೆಯ ಅರ್ಥ ಆ ಒಂದು ಮನೆಯಲ್ಲಿ ಇನ್ನೂ ಸುಖವಾಗಿ ಬಾಳುತ್ತಿದೆ.

ಹಾಗಾದರೆ ಕರಾರಿನ ಮಾತು ಸೋಲಿನ ಮಾತಾದದ್ದು ಹೇಗೆ? ಇದಕ್ಕೆ ಕಾರಣ ಕೋಟೆಯ ಯುದ್ಧ. ಯೂರೋಪಿನಲ್ಲಿ ಮುತ್ತಿಗೆಯೆಂಬುದು ಬಹುಮಟ್ಟಿಗೆ ಕಟ್ಟಳೆಗೊಳಪಟ್ಟ ಕಾರ್ಯವಾಗಿತ್ತು. ಗೋಡೆ ಒಡೆದು, ದವಸ ತೀರಿ, ನೆರವು ಬರುವ ಆಸೆ ಕಳೆದಾಗ ಕೋಟೆಯ ಅಧಿಕಾರಿ ನಗಾರಿ ಬಾರಿಸಿ ಮಾತುಕತೆಗೆ ಕರೆಯುತ್ತಿದ್ದನು. ಕೋಟೆಯನ್ನು ಯಾವ ಯಾವ ಷರತ್ತಿನ ಮೇಲೆ ಬಿಡುವೆನೆಂಬುದನ್ನು ಕ್ರಮವಾಗಿ ಬರೆದು ಕಳುಹಿಸುತ್ತಿದ್ದನು. ಮುತ್ತಿದವನು ಒಂದೊಂದಕ್ಕೂ ಎದುರಿಗೆ ‘ಒಪ್ಪಿದೆ’, ‘ಒಪ್ಪಲಾಗದು’ ಎಂದು ಉತ್ತರ ಬರೆಯುತ್ತಿದ್ದನು. ಈ ಪತ್ರವೇ ‘ಕ್ಯಾಪಿಚುಲೇಷನ್’. ಇದರಿಂದ ಒಳಗಿದ್ದವರಿಗೆ ಪ್ರಾಣ ಉಳಿಯಿತು, ಹೊರಗಿದ್ದವರಿಗೆ ಕಾಲ ಉಳಿಯಿತು. ಹದಿನೇಳನೆಯ ಶತಮಾನದ ಕೊನೆಯ ವೇಳೆಗೆ ಕರಾರಿನ ಮೇಲೆ ಶರಣಾಗುವುದೆಂಬುದೇ ಇಂಗ್ಲಿಷಿನಲ್ಲಿ ಇದರ ಮುಖ್ಯಾರ್ಥವಾಗಿ ನಿಂತಿತು.

ಪದದ ಇನ್ನೊಂದು ಕವಲೂ ಉಂಟು. ತುರ್ಕಿಯ ಸುಲ್ತಾನರು 1569ರಲ್ಲಿ ಫ್ರಾನ್ಸಿಗೂ 1580ರಲ್ಲಿ ಇಂಗ್ಲೆಂಡಿಗೂ ವ್ಯಾಪಾರದ ಹಕ್ಕುಗಳನ್ನು ಕೊಟ್ಟರು. ಈ ಪತ್ರಗಳಿಗೂ ‘ಕ್ಯಾಪಿಚುಲೇಷನ್’ ಎಂದೇ ಹೆಸರು. ಅವನ್ನು ಸುಲ್ತಾನರ ಶರಣಾಗತಿಯೆಂದು ಅರ್ಥಮಾಡಿದರೆ ಚರಿತ್ರೆಗೆ ಅಪಚಾರವಾದೀತು. ಕೊಟ್ಟಾಗ ಅವರು ಪ್ರಬಲರಾಗಿದ್ದರು. ತುರ್ಕಿ ದುರ್ಬಲವಾದ ಮೇಲೆ ಆ ಹಕ್ಕುಗಳೇ ಅದರ ಕೊರಳಿಗೆ ಉರುಳಾದವು. 1923ರ ಲೌಸಾನ್ ಒಪ್ಪಂದದಲ್ಲಿ ಅದು ಬಿಚ್ಚಿತು.

ಈ ಪದದ ಸರಿಯಾದ ಅರ್ಥವನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ನಾಡಿನಲ್ಲೇ ಎರಡು ಉದಾಹರಣೆಗಳಿವೆ. ಎರಡನೆಯ ಮೈಸೂರು ಯುದ್ಧದಲ್ಲಿ, 1783ರ ಆರಂಭದಲ್ಲಿ, ಜನರಲ್ ಮ್ಯಾಥ್ಯೂಸ್ ಬಿದನೂರನ್ನು, ಎಂದರೆ ಈಗಿನ ನಗರವನ್ನು, ವಶಪಡಿಸಿಕೊಂಡನು. ಏಪ್ರಿಲಿನಲ್ಲಿ ಟಿಪ್ಪು ಬಂದು ಮುತ್ತಿದನು. ತಿಂಗಳ ಕೊನೆಗೆ ಮ್ಯಾಥ್ಯೂಸ್ ಕರಾರು ಮಾಡಿಕೊಂಡನು: ಸೈನ್ಯ ಮರ್ಯಾದೆಯೊಡನೆ ಹೊರಬಂದು ಆಯುಧಗಳನ್ನು ಕೆಳಗಿಡುವುದು, ಸ್ವಂತ ಸೊತ್ತು ಅವರಿಗೆ, ಸರ್ಕಾರದ ಸೊತ್ತು ಟಿಪ್ಪುವಿಗೆ, ಸೈನ್ಯವನ್ನು ಕ್ಷೇಮವಾಗಿ ಕರಾವಳಿಗೆ ಕಳುಹಿಸುವುದು. ಖಜಾನೆಯ ಹಣವನ್ನು ಹಂಚಿಕೊಂಡು ಕರಾರನ್ನು ಮುರಿದರೆಂದು ಟಿಪ್ಪು ಆಪಾದಿಸಿ ಅವರನ್ನು ಸೆರೆಗೆ ಹಾಕಿಸಿದನು. ಮುರಿದವನು ಟಿಪ್ಪುವೇ ಎಂದು ಇಂಗ್ಲಿಷರು ದೂರಿದರು. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು.

ಅದೇ ವರ್ಷ ಮಂಗಳೂರಿನ ಕೋಟೆಗೂ ಮುತ್ತಿಗೆ ಬಿದ್ದಿತು. ಕರ್ನಲ್ ಕ್ಯಾಂಬೆಲ್ ಎಂಟು ತಿಂಗಳಿಗೂ ಮೇಲೆ ಹಸಿವು ರೋಗಗಳ ನಡುವೆ ಅದನ್ನು ಹಿಡಿದಿದ್ದು 1784ರ ಜನವರಿ ಕೊನೆಯಲ್ಲಿ ಕರಾರಿನ ಮೇಲೆ ಬಿಟ್ಟುಕೊಟ್ಟನು. ಈ ಸಲ ಕರಾರು ನಡೆಯಿತು. ಉಳಿದ ಸೈನ್ಯ ಯುದ್ಧಮರ್ಯಾದೆಯೊಡನೆ ಹೊರಬಿದ್ದು ತಲಚೇರಿಗೆ ಹೋಯಿತು. ಮಾರ್ಚ್ 11ರಂದು ಮಂಗಳೂರಿನ ಕೌಲು ಆಯಿತು.

ಈ ಎರಡನ್ನೂ ‘ಇಂಗ್ಲಿಷರು ಶರಣಾದರು’ ಎಂದಷ್ಟೇ ಬರೆದರೆ ಓದುವವನಿಗೆ ಏನು ತಿಳಿದಂತಾಯಿತು? ಬರಿಯ ಶರಣಾಗತಿಯಾಗಿದ್ದರೆ ಬಿದನೂರಿನಲ್ಲಿ ಜಗಳಕ್ಕೆ ಆಸ್ಪದವೇ ಇಲ್ಲ. ಶರಣು ಬಂದವನಿಗೆ ದಯೆಯನ್ನು ಬೇಡುವ ದಾರಿಯೊಂದೇ ಉಂಟು. ಕರಾರು ಮಾಡಿಕೊಂಡವನಿಗೆ ಕೇಳುವ ಹಕ್ಕೂ ಇದೆ, ನಡೆದುಕೊಳ್ಳುವ ಹೊಣೆಯೂ ಇದೆ. ಅಲ್ಲಿನ ವಿವಾದವೆಲ್ಲ ಮಾತಿಗೆ ತಪ್ಪಿದವರು ಯಾರೆಂಬುದನ್ನು ಕುರಿತದ್ದು. 1907ರ ಹೇಗ್ ನಿಯಮಾವಳಿಯೂ ಇಂತಹ ಕರಾರು ಸೈನಿಕ ಮರ್ಯಾದೆಗೆ ಅನುಗುಣವಾಗಿರಬೇಕು, ಒಮ್ಮೆ ಆದಮೇಲೆ ಇಬ್ಬರೂ ಚಾಚೂ ತಪ್ಪದೆ ಪಾಲಿಸಬೇಕು ಎಂದು ವಿಧಿಸಿದೆ.

ಇಂದು ಪತ್ರಿಕೆಗಳ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಬಹಳ ಸವೆದುಹೋಗಿದೆ. ಮುಷ್ಕರಕ್ಕೆ ಸರ್ಕಾರ ಮಣಿದರೂ ಅದೇ ಮಾತು, ಮಗುವಿನ ಹಟಕ್ಕೆ ತಾಯಿ ಸೋತರೂ ಅದೇ ಮಾತು. ವಿರೋಧವನ್ನು ಕೈಬಿಟ್ಟರೆ ಸಾಕು, ಕರಾರಿನ ಕಾಗದ ಬೇಕಿಲ್ಲ. ಅದರಲ್ಲಿ ಹೇಡಿತನದ ನೆರಳೂ ಸೇರಿಕೊಂಡಿದೆ. ಇಂದಿನ ಸುದ್ದಿಯನ್ನು ಕನ್ನಡಿಸುವಾಗ ‘ಮಣಿ’ ಎಂದರೆ ತಪ್ಪಿಲ್ಲ. ಪದಗಳು ಸವೆಯುವುದು ಲೋಕರೂಢಿ.

ಆದರೆ ಹಳೆಯ ದಾಖಲೆಗಳನ್ನು ಕನ್ನಡಕ್ಕೆ ತರುವಾಗ ಈ ಸಡಿಲತನ ಸಲ್ಲದು. ಅದಕ್ಕೆ ಬೇಕಾದ ಮಾತು ನಮ್ಮಲ್ಲಿಯೇ ಇದೆ. ಅರಬ್ಬಿಯಿಂದ ಬಂದು ಕನ್ನಡದ ಕಾಗದಪತ್ರಗಳಲ್ಲಿ ಬೇರೂರಿದ ‘ಕೌಲು’ ಎಂಬುದಕ್ಕೆ ಮೂಲದಲ್ಲಿ ‘ಮಾತು’ ಎಂದೇ ಅರ್ಥ. ಅದು ಕೊಟ್ಟ ಮಾತು, ಬರೆದುಕೊಟ್ಟ ಅಭಯ. ಕಂಪೆನಿಯ ಇಂಗ್ಲಿಷರೂ ಅದನ್ನು ಎತ್ತಿಕೊಂಡು ಬಳಸಿದರು. ಬಿದನೂರಿನಲ್ಲಿ ಮ್ಯಾಥ್ಯೂಸ್ ‘ಕೌಲು ಪಡೆದು ಕೋಟೆ ಬಿಟ್ಟನು’ ಎಂದು ಬರೆದು ನೋಡೋಣ. ಆ ಕೌಲಿನಲ್ಲಿ ಏನಿತ್ತು, ಅದನ್ನು ಯಾರು ನಡೆಸಿದರು, ಯಾರು ಮುರಿದರು ಎಂದು ಓದುವವನು ತಾನಾಗಿಯೇ ಕೇಳುತ್ತಾನೆ. ಚರಿತ್ರೆಯನ್ನು ಓದುವವನು ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ.